ಪಣಜಿಯಲ್ಲಿ ಸಿಗುವ ರೋಮಿಂಗ್ ಕಪ್ಪತಗುಡ್ಡದ ಬುಡದಲ್ಲಿ ಏಕೆ ಸಿಗುವುದಿಲ್ಲ?

ಶಿರಹಟ್ಟಿ ಮಾಸ್ತರ್ (ಮೂಲ ಬರಹ)

ಎರಡು ತಿಂಗಳ ಹಿಂದೆ ನಮ್ಮ ಮನೆಯ ಮೂರು ಮೊಬೈಲ್ ನಂಬರುಗಳನ್ನು ಒಂದು ಕಂಪನಿಯಿಂದ ಇನ್ನೊಂದಕ್ಕೆ ಪೋರ್ಟ್ ಮಾಡಿಸಿದೆ. ನಾನು ನಿವೃತ್ತ ಶಿಕ್ಷಕ. ಮನೆಯಲ್ಲಿ ಪತ್ನಿ ಮತ್ತು ಎಂಬತ್ತು ದಾಟಿದ ತಾಯಿ ಇದ್ದಾರೆ. 2024ರ ಜುಲೈ ಮೊದಲ ವಾರದಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದರ ಹಿಂದೊಂದು ದರ ಏರಿಸಿ, 28 ದಿನಗಳ ಕನಿಷ್ಠ ರೀಚಾರ್ಜ್ 189 ಮತ್ತು 199 ರೂಪಾಯಿ ಮುಟ್ಟಿದಂದಿನಿಂದ ಮೂರು ಫೋನುಗಳ ಖರ್ಚು ಪಿಂಚಣಿಯಲ್ಲಿ ಎದ್ದು ಕಾಣತೊಡಗಿತ್ತು. ಹೊಸ ಕಂಪನಿಯ ಯೋಜನೆ ಅಗ್ಗವಾಗಿತ್ತು, ಅವಧಿಯೂ ಹೆಚ್ಚಿತ್ತು. ಸಿಮ್ ಕೊಟ್ಟವರು ‘ನಿಮ್ಮ ತಾಲ್ಲೂಕಿನಲ್ಲಿ ಪೂರ್ತಿ ನೆಟ್‌ವರ್ಕ್ ಇದೆ’ ಎಂದರು. ತಾಲ್ಲೂಕು ಕೇಂದ್ರದಲ್ಲಿ ಅದು ನಿಜವೇ ಆಗಿತ್ತು. ಆದರೆ ನಮ್ಮ ಊರು ಕಪ್ಪತಗುಡ್ಡದ ಬುಡದಲ್ಲಿದೆ, ಮನೆ ಮಣ್ಣಿನ ಮಾಳಿಗೆಯದು, ಒಳಗೆ ಬಂದರೆ ಫೋನಿನಲ್ಲಿ ಒಂದು ಗೆರೆಯೂ ಉಳಿಯುವುದಿಲ್ಲ.

ಪೋರ್ಟ್ ಆದ ಮರುವಾರ ಪಣಜಿಯಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಬೇರೆ ರಾಜ್ಯ, ಬೇರೆ ವೃತ್ತ. ಆದರೂ ಅದೇ ಸಿಮ್‌ನಲ್ಲಿ ಒಂದು ಪೈಸೆ ಹೆಚ್ಚಿಗೆ ಕೊಡದೆ ನಾಲ್ಕು ದಿನ ಮಾತಾಡಿದೆವು. ಊರಿಗೆ ಮರಳಿದ ಮೂರನೆಯ ರಾತ್ರಿ ತಾಯಿಗೆ ಉಸಿರು ಕಟ್ಟಿದಂತಾಯಿತು. 108ಕ್ಕೆ ಕರೆ ಮಾಡಲು ನಾನು ಅಂಗಳ, ಮಾಳಿಗೆ, ಗುಡಿಯ ಕಟ್ಟೆ ಎಂದು ಓಡಾಡಿದೆ. ಕೊನೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ಫೋನಿನಿಂದ ಆಂಬ್ಯುಲೆನ್ಸ್ ಕರೆಸಿದೆವು. ಅವರದು ಬೇರೆ ಕಂಪನಿ. ಆ ಕಂಪನಿಯ ಟವರ್ ನಮ್ಮ ಹಿತ್ತಲಿನಿಂದಲೇ ಕಾಣುತ್ತದೆ. ತಾಯಿ ಈಗ ಆರಾಮಾಗಿದ್ದಾರೆ. ಆದರೆ ಆ ಹದಿನೈದು ನಿಮಿಷ ನನ್ನ ಮನಸ್ಸಿನಿಂದ ಹೋಗಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಗೋವೆಯಲ್ಲಿ ನನ್ನ ಫೋನು ರೋಮಿಂಗ್ ಆಗಬಲ್ಲದಾದರೆ, ಸ್ವಂತ ಊರಿನಲ್ಲಿ ಕಣ್ಣೆದುರೇ ನಿಂತಿರುವ ಟವರಿಗೆ ಅದು ರೋಮಿಂಗ್ ಆಗಲು ಅಡ್ಡಿ ಏನು? ತಿಳಿದವರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹುಬ್ಬಳ್ಳಿ ಅಂಗಡಿ

ಮಾಸ್ತರ್, ನಾನು ದುರ್ಗದಬೈಲಿನ ಹತ್ತಿರ ಹದಿನೆಂಟು ವರ್ಷಗಳಿಂದ ಮೊಬೈಲ್ ಅಂಗಡಿ ನಡೆಸುತ್ತಿದ್ದೇನೆ. ನಿಮ್ಮ ಪ್ರಶ್ನೆಯಲ್ಲಿ ರೋಮಿಂಗ್ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿವೆ. ಮೊದಲು ಅವನ್ನು ಬಿಡಿಸಿ ಹೇಳುತ್ತೇನೆ.

ದೂರಸಂಪರ್ಕದ ಲೆಕ್ಕದಲ್ಲಿ ದೇಶದಲ್ಲಿ 22 ವೃತ್ತಗಳಿವೆ, ಎಂದರೆ ಕಂಪನಿಗಳಿಗೆ ಪರವಾನಗಿ ಕೊಡುವ ಪ್ರದೇಶಗಳು. ಸ್ವಂತ ವೃತ್ತದ ಹೊರಗೆ ಫೋನು ಬಳಸಿದರೆ ಅದು ರೋಮಿಂಗ್. ಇಡೀ ಕರ್ನಾಟಕ ಒಂದು ವೃತ್ತ, ಆದ್ದರಿಂದ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿ ಹೋದರೂ ರೋಮಿಂಗ್ ಇಲ್ಲ. ಗೋವೆ ಮಹಾರಾಷ್ಟ್ರ ವೃತ್ತಕ್ಕೆ ಸೇರಿದೆ, ಹಾಗಾಗಿ ಕಾರವಾರ ದಾಟಿ ಕಾಣಕೋಣಕ್ಕೆ ಕಾಲಿಟ್ಟರೆ ರೋಮಿಂಗ್. ಹಿಂದೆ ಇದಕ್ಕೆ ಒಳಬರುವ ಕರೆಗೂ ದುಡ್ಡು ಹೋಗುತ್ತಿತ್ತು. 2013ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಳಬರುವ ಕರೆಯ ದರದ ಮಿತಿಯನ್ನು ನಿಮಿಷಕ್ಕೆ 75 ಪೈಸೆಗೆ, 2015ರ ಮೇ ತಿಂಗಳಿನಿಂದ 45 ಪೈಸೆಗೆ ಇಳಿಸಿತು. ಅದೇ ವರ್ಷದ ಜೂನ್ 15ರಿಂದ ಬಿಎಸ್‌ಎನ್‌ಎಲ್ ರೋಮಿಂಗ್‌ನಲ್ಲಿ ಒಳಬರುವ ಕರೆಗಳನ್ನು ಉಚಿತ ಮಾಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ರೋಮಿಂಗ್ ಶುಲ್ಕವೇ ಇಲ್ಲದೆ ಬಂದಿತು, ಮರುವರ್ಷ ಏಪ್ರಿಲ್‌ನಿಂದ ಏರ್‌ಟೆಲ್ ಕೂಡ ದೇಶದೊಳಗಿನ ರೋಮಿಂಗ್ ಶುಲ್ಕವನ್ನು ತೆಗೆದುಹಾಕಿತು. ಪಂಢರಪುರಕ್ಕೆ ಹೋಗುವ ವಾರಕರಿಗಳು ‘ಅಲ್ಲಿ ಫೋನು ಎತ್ತಬ್ಯಾಡ, ರೊಕ್ಕ ಹೋಗತೈತಿ’ ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದ ಕಾಲವನ್ನು ನಾನು ಅಂಗಡಿಯಲ್ಲಿ ಕುಳಿತೇ ಕಂಡಿದ್ದೇನೆ.

ಆದರೆ ಪಣಜಿಯಲ್ಲಿ ನೀವು ಬಳಸಿದ್ದು ಬಹುತೇಕ ನಿಮ್ಮದೇ ಕಂಪನಿಯ ಟವರನ್ನು. ಆ ಕಂಪನಿಗೆ ಮಹಾರಾಷ್ಟ್ರ ವೃತ್ತದಲ್ಲೂ ಪರವಾನಗಿ ಇದೆ, ತರಂಗಾಂತರ ಇದೆ. ಬದಲಾದದ್ದು ವೃತ್ತ ಮಾತ್ರ. ನೀವು ಕೇಳುತ್ತಿರುವುದು ಒಂದೇ ವೃತ್ತದೊಳಗೆ ಇನ್ನೊಂದು ಕಂಪನಿಯ ಟವರನ್ನು ಬಳಸುವ ಸೌಲಭ್ಯ. ಅದಕ್ಕೆ ವೃತ್ತಾಂತರ್ಗತ ರೋಮಿಂಗ್ ಎನ್ನಬಹುದು. ಅದಕ್ಕೆ ಎರಡೂ ಕಂಪನಿಗಳು ಒಪ್ಪಂದ ಮಾಡಿಕೊಳ್ಳಬೇಕು, ತಮ್ಮ ಜಾಲಗಳನ್ನು ಒಂದಕ್ಕೊಂದು ಜೋಡಿಸಬೇಕು. ಒಪ್ಪಂದ ಇಲ್ಲದ ಕಡೆ ಆ ಟವರ್ ನಿಮ್ಮ ಫೋನಿಗೆ ಕಾಣುತ್ತದೆ, ಆದರೆ ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಒಂದು ಮಾತನ್ನು ಮಾತ್ರ ಎಲ್ಲರೂ ನೆನಪಿಡಬೇಕೆಂದು ಬೇಡಿಕೊಳ್ಳುತ್ತೇನೆ. ಫೋನಿನ ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದು ಬರೆದಿದ್ದರೆ, ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಸುತ್ತಲಿನ ಬೇರೊಂದು ಟವರ್ ಸಿಗುತ್ತಿದೆ ಎಂದರ್ಥ. ಆಗ 112ಕ್ಕೆ ಕರೆ ಮಾಡಿದರೆ ಫೋನು ಅದೇ ಟವರಿನ ಮೂಲಕ ಕರೆ ಹೋಗಲು ಪ್ರಯತ್ನಿಸುತ್ತದೆ. 108ನ್ನು ಎಲ್ಲ ಫೋನುಗಳೂ ತುರ್ತು ಸಂಖ್ಯೆಯೆಂದು ಗುರುತಿಸುವುದಿಲ್ಲ. ಆ ರಾತ್ರಿ ನೀವು 112 ಒತ್ತಿದ್ದರೆ ಕರೆ ಹೋಗುವ ಸಾಧ್ಯತೆ ಹೆಚ್ಚಿತ್ತು.

ಇನ್ನು ಮನೆಯೊಳಗೆ ಸಿಗ್ನಲ್ ಸಾಯುವ ವಿಚಾರ. ಕಡಿಮೆ ಆವರ್ತನದ ಅಲೆಗಳು, ಅಂದರೆ 700, 850, 900 ಮೆಗಾಹರ್ಟ್ಸ್‌ನವು, ದೂರ ಹೋಗುತ್ತವೆ, ದಪ್ಪ ಗೋಡೆಯನ್ನೂ ಒಂದಿಷ್ಟು ದಾಟುತ್ತವೆ. 1800, 2300, 2500ರವು ಹೆಚ್ಚು ಡೇಟಾ ಹೊರುತ್ತವೆ, ಆದರೆ ಗೋಡೆ, ಗುಡ್ಡ, ಗಿಡಗಂಟಿಗಳ ಎದುರು ಬೇಗ ಸೋಲುತ್ತವೆ. 3300ರ 5ಜಿ ಇನ್ನೂ ಬೇಗ ಸೋಲುತ್ತದೆ. ಗಿರಾಕಿಗಳು ನನ್ನನ್ನು ‘5ಜಿ ಐತೇನ್ರಿ?’ ಎಂದು ಕೇಳುತ್ತಾರೆ. ಹಳ್ಳಿಯವರು ಕೇಳಬೇಕಾದದ್ದು ತಮ್ಮ ಊರಿನ ಟವರಿನಲ್ಲಿ ಕಂಪನಿ ಯಾವ ಬ್ಯಾಂಡ್, ಎಂದರೆ ಯಾವ ಆವರ್ತನದ ಅಲೆ, ಹಾಕಿದೆ ಎಂದು, ಮತ್ತು ತಮ್ಮ ಹ್ಯಾಂಡ್‌ಸೆಟ್ ಆ ಬ್ಯಾಂಡ್ ಹಿಡಿಯುತ್ತದೆಯೇ ಎಂದು. ಬಿಎಸ್‌ಎನ್‌ಎಲ್ ತನ್ನ 4ಜಿಯನ್ನು 700 ಮತ್ತು 2100ರಲ್ಲಿ ಕೊಡುತ್ತಿದೆ. ಹಳೆಯ ಅನೇಕ ಫೋನುಗಳಲ್ಲಿ 700ರ ಬ್ಯಾಂಡ್ 28 ಇರುವುದೇ ಇಲ್ಲ. ಅಂಥ ಫೋನು ಹಿಡಿದು ಟವರಿನ ಕೆಳಗೇ ನಿಂತರೂ ಆ ಅಲೆ ಸಿಗದು. ಹಳೆಯ 3ಜಿ ಕಾಲದ ಸಿಮ್ ಇದ್ದರೆ ಅದನ್ನೂ 4ಜಿ ಸಿಮ್‌ಗೆ ಬದಲಿಸಿಕೊಳ್ಳಬೇಕು.

ಬ್ಯಾಡಗಿ ರೈತ

ನಾನು ಕೀಪ್ಯಾಡ್ ಫೋನಿನವನು. ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆಯ ದಿನ ದಲಾಲರಿಗೆ ಫೋನು ಹಚ್ಚಿ ದರ ಕೇಳುವುದು, ಪಂಪ್‌ಸೆಟ್ ಸಾಲದ ಬಗ್ಗೆ ಬ್ಯಾಂಕಿನಿಂದ ಬರುವ ಎಸ್‌ಎಂಎಸ್ ನೋಡುವುದು, ಮಗಳು ಕರೆ ಮಾಡಿದರೆ ಮಾತಾಡುವುದು. ಇಷ್ಟೇ ನನ್ನ ಬಳಕೆ. ಇಂಟರ್‌ನೆಟ್ ಬೇಡದವನಿಗೆ ಇಂಟರ್‌ನೆಟ್ ಕಟ್ಟಿ ಮಾರುತ್ತಿದ್ದರು. 2024ರ ಡಿಸೆಂಬರ್ 23ರ ಆದೇಶದಲ್ಲಿ ಟ್ರಾಯ್, ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಯೋಜನೆಯನ್ನು ಕಂಪನಿಗಳು ಕೊಡಲೇಬೇಕು ಎಂದಿತು, ವಿಶೇಷ ರೀಚಾರ್ಜ್ ವೋಚರುಗಳ ಅವಧಿಯ ಮಿತಿಯನ್ನು 90 ದಿನಗಳಿಂದ 365 ದಿನಗಳಿಗೆ ಏರಿಸಿತು. ಇದು ನನ್ನಂಥವರಿಗೆ ದೊಡ್ಡ ಉಪಕಾರ. ಮಾಸ್ತರರ ತಾಯಿಯವರ ನಂಬರಿಗೂ ಇಂಥ ಯೋಜನೆ ಹೊಂದೀತು. ಅಗ್ಗದ ಯೋಜನೆಗಾಗಿ ಕಂಪನಿಯನ್ನೇ ಬದಲಿಸುವ ಅಗತ್ಯ ಇರಲಿಲ್ಲವೇನೋ.

ಆದರೆ ಮೂಲ ಬೇಡಿಕೆಗೆ ನನ್ನ ತಕರಾರು ಇದೆ. ಒಬ್ಬರ ಬಾವಿಯಲ್ಲಿ ಊರೆಲ್ಲ ನೀರು ಸೇದಬಹುದೆಂದು ಆದರೆ, ಎರಡನೆಯವನು ಬಾವಿ ಏಕೆ ತೋಡುತ್ತಾನೆ? ಟವರ್ ಹಾಕಿದ ಕಂಪನಿ ಖರ್ಚು ಮಾಡಿದೆ. ಹಾಕದ ಕಂಪನಿ ಪುಕ್ಕಟೆ ಹಂಚಿಕೊಂಡರೆ ನಾಳೆ ಯಾರೂ ಹಳ್ಳಿಗೆ ಬರುವುದಿಲ್ಲ. ನಮ್ಮ ಕಡೆ ಗೋವಿನಜೋಳ ಎದೆಯೆತ್ತರ ಬೆಳೆದಾಗ ಹೊಲದ ನಡುವೆ ಸಿಗ್ನಲ್ ಕುಗ್ಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರಿನ ಬ್ಯಾಟರಿ ಕೆಲವು ತಾಸಿಗೆ ಮುಗಿಯುತ್ತದೆ. ಇದೆಲ್ಲ ಸರಿಹೋಗಬೇಕಾದರೆ ಟವರುಗಳ ಸಂಖ್ಯೆ ಹೆಚ್ಚಬೇಕು. ಇರುವ ಒಂದರ ಮೇಲೆಯೇ ಎಲ್ಲರೂ ಬಿದ್ದರೆ ಅದೂ ಕುಸಿಯುತ್ತದೆ.

ಶಿರಹಟ್ಟಿ ಮಾಸ್ತರ್

ರೈತ ಬಂಧುಗಳ ಬಾವಿಯ ಮಾತು ಸರಿಯಾದದ್ದು, ಅದಕ್ಕೆ ಉತ್ತರಿಸದೆ ಮುಂದೆ ಹೋಗಲಾರೆ. ನಮ್ಮ ಊರಿನಲ್ಲಿ ಇನ್ನೂರು ಮನೆಗಳಿವೆ. ಒಂದು ಟವರ್ ಬಂದು ವರ್ಷಗಳಾದವು, ಎರಡನೆಯದು ಬಂದಿಲ್ಲ, ಬರುವ ಸೂಚನೆಯೂ ಇಲ್ಲ. ಇಷ್ಟು ಮನೆಗಳಿಗಾಗಿ ನಾಲ್ಕು ಕಂಪನಿಗಳು ನಾಲ್ಕು ಟವರ್ ನಿಲ್ಲಿಸುವುದು ಲಾಭದ ಲೆಕ್ಕಕ್ಕೆ ಕೂಡುವುದಿಲ್ಲ ಎಂಬುದು ನನಗೂ ಗೊತ್ತು. ಎರಡನೆಯ ಬಾವಿಯನ್ನು ಯಾರೂ ತೋಡುವುದಿಲ್ಲ ಎಂದು ಖಚಿತವಾಗಿರುವ ಕಡೆಯಲ್ಲಿ ಮೊದಲನೆಯ ಬಾವಿಗೆ ಹಗ್ಗ ಹಾಕಲು ಬಿಡಿ ಎನ್ನುತ್ತಿದ್ದೇನೆ, ಅದೂ ಪುಕ್ಕಟೆಯಾಗಿ ಬೇಡ. ಬಳಸಿದ ಕಂಪನಿ ಟವರ್ ಇರುವ ಕಂಪನಿಗೆ ಬಾಡಿಗೆ ಕೊಡಲಿ. ಹುಬ್ಬಳ್ಳಿ ಧಾರವಾಡದಂಥ ನಗರಗಳಲ್ಲಿ ಪೈಪೋಟಿಯೇ ಇರಲಿ, ಅಲ್ಲಿ ನನ್ನ ಬೇಡಿಕೆ ಇಲ್ಲ.

ಕಲಘಟಗಿ ಕಾಯಕ ಬಂಧು

ನಮ್ಮದು ಯಲ್ಲಾಪುರದ ಕಾಡಿಗೆ ಅಂಟಿದ ಸೀಮೆ. ಕಾಯಕ ಬಂಧುವಾಗಿ ಕೂಲಿಕಾರರ ಹಾಜರಿ ನೋಡಿಕೊಳ್ಳುವುದು ನನ್ನ ಕೆಲಸ. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ 2023ರ ಜನವರಿಯಿಂದ ಕೂಲಿಕಾರರ ಹಾಜರಿಯನ್ನು ಆ್ಯಪ್‌ನಲ್ಲಿ ಚಿತ್ರ ತೆಗೆದು ದಿನಕ್ಕೆರಡು ಸಲ ದಾಖಲಿಸುವುದು ಕಡ್ಡಾಯವಾದಾಗ ನೆಟ್‌ವರ್ಕ್ ಎಂದರೆ ಕೂಲಿಯ ಪ್ರಶ್ನೆಯೇ ಆಯಿತು. ಕೆರೆಯ ಅಂಗಳದಲ್ಲಿ ಸಿಗ್ನಲ್ ಇಲ್ಲ. ಚಿತ್ರವನ್ನು ಫೋನಿನಲ್ಲಿ ಉಳಿಸಿಕೊಂಡು ಏರಿಯ ಮೇಲೆ ಹತ್ತಿ ಕಳುಹಿಸುತ್ತಿದ್ದೆ. ಒಂದು ದಿನ ಏರಿಯ ಮೇಲೂ ಸಿಗಲಿಲ್ಲ, ಸಂಜೆ ಮೂರು ಕಿಲೋಮೀಟರ್ ನಡೆದು ಡಾಂಬರು ರಸ್ತೆಗೆ ಬಂದೆ. ಬಿಸಿಲಿನಲ್ಲಿ ಮಣ್ಣು ಹೊತ್ತ ಮೂವತ್ತೆರಡು ಹೆಣ್ಣುಮಕ್ಕಳ ದಿನದ ದುಡಿಮೆ ನನ್ನ ಕೈಯೊಳಗಿನ ಫೋನಿನಲ್ಲಿ ಸಿಕ್ಕಿಕೊಂಡಿತ್ತು. ಅಂದಿನಿಂದ ಎರಡು ಕಂಪನಿಗಳ ಎರಡು ಸಿಮ್ ಇಟ್ಟುಕೊಂಡಿದ್ದೇನೆ, ಎರಡಕ್ಕೂ ನನ್ನ ಗೌರವಧನದಿಂದಲೇ ರೀಚಾರ್ಜ್. ಕಂಪನಿಗಳು ಪರಸ್ಪರ ಹಂಚಿಕೊಳ್ಳದ ಖರ್ಚನ್ನು ನಮ್ಮಂಥವರು ಎರಡು ಸಿಮ್ ಕೊಂಡು ತುಂಬುತ್ತಿದ್ದೇವೆ. ಮಾಸ್ತರರ ಬೇಡಿಕೆಗೆ ನನ್ನ ಪೂರ್ಣ ಒಪ್ಪಿಗೆ ಇದೆ.

ಲೋಂಡಾ ಪ್ರಯಾಣಿಕ

ಕೆಲಸದ ನಿಮಿತ್ತ ಹುಬ್ಬಳ್ಳಿಯಿಂದ ವಾಸ್ಕೋಗೆ ತಿಂಗಳಿಗೆರಡು ಸಲ ರೈಲಿನಲ್ಲಿ ಹೋಗುತ್ತೇನೆ. ಅಳ್ನಾವರ, ಲೋಂಡಾ ದಾಟಿ ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದ ಸುರಂಗಗಳಲ್ಲಿ ಫೋನು ಟವರ್ ಹುಡುಕುತ್ತ ಬ್ಯಾಟರಿ ಕರಗಿಸಿಕೊಳ್ಳುತ್ತದೆ. ಅಲ್ಲಿ ಏರೋಪ್ಲೇನ್ ಮೋಡ್ ಹಾಕುವುದು ಒಳಿತು. ಗೋವೆ ಸೇರಿದ ಮೇಲೆ ಕರೆ ಬರುತ್ತದೆ, ಇಂಟರ್‌ನೆಟ್ ಬರುವುದಿಲ್ಲ ಎಂದು ಅನೇಕರು ಗೊಣಗುವುದನ್ನು ಕೇಳಿದ್ದೇನೆ. ಬಹಳ ಸಲ ಕಾರಣ ಒಂದೇ: ಫೋನಿನ ಸೆಟ್ಟಿಂಗ್‌ನಲ್ಲಿ ‘ಡೇಟಾ ರೋಮಿಂಗ್’ ಆಫ್ ಇರುತ್ತದೆ. ದೇಶದೊಳಗೆ ಅದನ್ನು ಆನ್ ಮಾಡಲು ಹೆದರಬೇಕಿಲ್ಲ. ವಿದೇಶಕ್ಕೆ ಹೊರಟಾಗ ಮಾತ್ರ, ಪ್ಯಾಕ್ ಹಾಕಿಸುವ ಮುಂಚೆ, ಮರೆಯದೆ ಆಫ್ ಮಾಡಬೇಕು.

ನವನಗರದ ಕಾನೂನು ವಿದ್ಯಾರ್ಥಿನಿ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ಮಾಸ್ತರರ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರ ಇದೆ, ಅದು ಅರ್ಧ ಸಮಾಧಾನ ಕೊಡುವ ಉತ್ತರ.

ವೃತ್ತಾಂತರ್ಗತ ರೋಮಿಂಗ್ ಹೊಸದಲ್ಲ. 3ಜಿ ಹರಾಜಿನಲ್ಲಿ ಎಲ್ಲ ಕಡೆ ತರಂಗಾಂತರ ಸಿಗದ ಕಂಪನಿಗಳು ಪರಸ್ಪರ ಒಪ್ಪಂದ ಮಾಡಿಕೊಂಡು ಸೇವೆ ಕೊಟ್ಟಾಗ ದೂರಸಂಪರ್ಕ ಇಲಾಖೆ 2011ರ ಡಿಸೆಂಬರಿನಲ್ಲಿ ಅದನ್ನು ನಿಲ್ಲಿಸಲು ಹೇಳಿತ್ತು. 2014ರ ಏಪ್ರಿಲ್ 29ರಂದು ದೂರಸಂಪರ್ಕ ವಿವಾದಗಳ ನ್ಯಾಯಮಂಡಳಿ ಇಲಾಖೆಯ ಆದೇಶವನ್ನು ರದ್ದು ಮಾಡಿತು. ಅಂದರೆ ಒಂದು ಕಾಲಕ್ಕೆ ಕಂಪನಿಗಳೇ ತಮ್ಮ ಅನುಕೂಲಕ್ಕಾಗಿ ಇದನ್ನು ಬಯಸಿ, ಸರಕಾರದ ವಿರುದ್ಧ ಹೋರಾಡಿ ಗೆದ್ದಿದ್ದವು. ತಾಂತ್ರಿಕವಾಗಿ ಆಗದು ಎಂದು ಈಗ ಯಾರಾದರೂ ಹೇಳಿದರೆ ಈ ಇತಿಹಾಸವನ್ನು ಮುಂದಿಡಬೇಕು.

ಮುಖ್ಯವಾದದ್ದು ಇನ್ನೊಂದು. ಕೇಂದ್ರ ಸರಕಾರ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟು, 4ಜಿ ಇಲ್ಲದ 24,680 ಹಳ್ಳಿಗಳಿಗೆ ಸೇವೆ ಒದಗಿಸಲು ಹೊರಟಿತು. ಇಂಥ ಯೋಜನೆಗಳಿಗೆ ಹಣ ಬರುವುದು ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರು ಬದಲಾಗಿರುವ ನಿಧಿಯಿಂದ. ಆ ನಿಧಿ ಕಂಪನಿಗಳ ವರಮಾನದ ಮೇಲಿನ ಸುಂಕದಿಂದ, ಎಂದರೆ ಕಟ್ಟಕಡೆಗೆ ನಮ್ಮೆಲ್ಲರ ರೀಚಾರ್ಜ್ ಹಣದಿಂದ ತುಂಬುತ್ತದೆ. ಆ ಹಣದಲ್ಲಿ ನಿಂತ ಟವರುಗಳಲ್ಲಿ ಮೊದಲು ಒಂದೇ ಕಂಪನಿಯ ಸೇವೆ ಸಿಗುತ್ತಿತ್ತು. 2025ರ ಜನವರಿ 17ರಂದು ಕೇಂದ್ರ ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಅಂಥ ಸುಮಾರು 27,836 ತಾಣಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಪರಸ್ಪರ ಟವರ್ ಬಳಸುವ ವೃತ್ತಾಂತರ್ಗತ ರೋಮಿಂಗ್‌ಗೆ ಚಾಲನೆ ಕೊಟ್ಟರು. ಇದರಿಂದ 35,400ಕ್ಕೂ ಹೆಚ್ಚು ಹಳ್ಳಿಗಳಿಗೆ ಪ್ರಯೋಜನ ಎಂದು ಸರಕಾರ ಹೇಳಿತು. ಹೀಗಾಗಿ ಮಾಸ್ತರರು ಮೊದಲು ಕೇಳಬೇಕಾದ ಪ್ರಶ್ನೆ, ತಮ್ಮ ಹಿತ್ತಲಿನಿಂದ ಕಾಣುವ ಟವರ್ ಈ ನಿಧಿಯಿಂದ ನಿಂತದ್ದೇ ಎಂಬುದು. ಹೌದಾದರೆ ಬೇಡಿಕೆಗೆ ಗಟ್ಟಿ ಆಧಾರ ಸಿಕ್ಕಿತು. ಕಂಪನಿ ಸ್ವಂತ ಹಣದಲ್ಲಿ ನಿಲ್ಲಿಸಿದ್ದಾದರೆ ಇಂದಿನ ವ್ಯವಸ್ಥೆಯಲ್ಲಿ ಒತ್ತಾಯಿಸುವ ದಾರಿ ಕಡಿಮೆ. ಆ ದಾರಿ ತೆರೆಯಬೇಕೆಂಬುದೇ ನಮ್ಮ ಬೇಡಿಕೆಯಾಗಬೇಕು ಎಂದು ನನ್ನ ಅಭಿಪ್ರಾಯ. ರೈತರ ಬಾವಿಯ ಹೋಲಿಕೆಗೂ ಇಲ್ಲಿ ಒಂದು ತಿದ್ದುಪಡಿ ಬೇಕು: ಊರವರ ಹಣದಲ್ಲಿ ತೋಡಿದ ಬಾವಿಗೆ ಒಬ್ಬನೇ ಬೀಗ ಹಾಕುವಂತಿಲ್ಲ.

ಇನ್ನು ದೂರಿನ ಕ್ರಮ. ಟ್ರಾಯ್ 2024ರ ಆಗಸ್ಟಿನಲ್ಲಿ ಹೊರಡಿಸಿ, ಅಕ್ಟೋಬರ್ 1ರಿಂದ ಜಾರಿಗೆ ತಂದ ಸೇವಾ ಗುಣಮಟ್ಟದ ನಿಯಮಗಳ ಪ್ರಕಾರ ಪ್ರತಿ ಕಂಪನಿಯೂ ತನ್ನ 2ಜಿ, 3ಜಿ, 4ಜಿ, 5ಜಿ ಸೇವೆ ಎಲ್ಲೆಲ್ಲಿದೆ ಎಂಬ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ಪೋರ್ಟ್ ಮಾಡುವ ಮೊದಲು ಆ ನಕ್ಷೆ ನೋಡುವುದು, ನೋಡಿದ ದಿನದ ಚಿತ್ರ ಉಳಿಸಿಕೊಳ್ಳುವುದು ಅಗತ್ಯ. ಒಂದು ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದ ಜಾಲ ವ್ಯತ್ಯಯ 24 ತಾಸು ಮೀರಿದರೆ, ಪ್ರಕೃತಿ ವಿಕೋಪದ ಸಂದರ್ಭ ಬಿಟ್ಟು, ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ಅವಧಿ ವಿಸ್ತರಣೆ ಕೊಡಬೇಕೆಂದೂ ಅದರಲ್ಲಿದೆ. ಒಂದು ಊರಿನ ಒಂದು ಟವರ್ ಕೆಟ್ಟರೆ ಇದು ಅನ್ವಯಿಸುವುದಿಲ್ಲ. ಇದು ಆ ನಿಯಮದ ಕೊರತೆ ಎಂದೇ ನಾನು ತಿಳಿಯುತ್ತೇನೆ.

ಮಾಸ್ತರರು ಮೊದಲು ಕಂಪನಿಯ ದೂರು ಕೇಂದ್ರಕ್ಕೆ ದೂರು ಕೊಟ್ಟು ಡಾಕೆಟ್ ನಂಬರ್, ಎಂದರೆ ದೂರಿನ ದಾಖಲೆ ಸಂಖ್ಯೆ, ಪಡೆಯಬೇಕು. ಉತ್ತರ ತೃಪ್ತಿ ತರದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬೇಕು. ಟ್ರಾಯ್ ಒಬ್ಬೊಬ್ಬರ ವೈಯಕ್ತಿಕ ದೂರನ್ನು ತಾನೇ ಇತ್ಯರ್ಥ ಮಾಡುವುದಿಲ್ಲ. ಆದರೆ ಟೆಲಿಕಾಂ ಗ್ರಾಹಕರು ಗ್ರಾಹಕ ಆಯೋಗಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಆಯೋಗಗಳಿವೆ. ಹಿಂದಿನ ಕಂಪನಿಗೆ ಮರಳುವುದಾದರೆ, ಪೋರ್ಟ್ ಆಗಿ 90 ದಿನ ಕಳೆದಿರಬೇಕು. ಆಮೇಲೆ 1900ಕ್ಕೆ ಎಸ್‌ಎಂಎಸ್ ಕಳುಹಿಸಿ ಕೋಡ್ ಪಡೆಯಬೇಕು. ನಮ್ಮಲ್ಲಿ ಆ ಕೋಡ್ ನಾಲ್ಕು ದಿನ ಮಾತ್ರ ಚಾಲ್ತಿಯಲ್ಲಿರುತ್ತದೆ.

ಬ್ಯಾಡಗಿ ರೈತ

ಊರವರ ಹಣದ ಬಾವಿ ಎಂಬ ಮಾತನ್ನು ಒಪ್ಪುತ್ತೇನೆ. ಆ ನಿಧಿಯ ಟವರುಗಳಿಗೆ ನನ್ನ ತಕರಾರಿಲ್ಲ. ಕಂಪನಿ ಸ್ವಂತ ಹಣದಲ್ಲಿ ನಿಲ್ಲಿಸಿದ ಟವರಿನ ಬಗ್ಗೆ ನನ್ನ ಮೊದಲಿನ ಅಭಿಪ್ರಾಯ ಹಾಗೇ ಇದೆ. ಅಲ್ಲಿ ಕನಿಷ್ಠ ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಹಂಚಿಕೆ ಇರಲಿ ಎಂದರೆ ಅದನ್ನು ಯೋಚಿಸಬಹುದು. ಓಟಿಪಿ ಬಾರದೆ ಬ್ಯಾಂಕಿನ ಬಾಗಿಲಲ್ಲಿ ನಿಂತ ದಿನಗಳು ನನಗೂ ನೆನಪಿವೆ.

ಹುಬ್ಬಳ್ಳಿ ಅಂಗಡಿ

ದೂರು ಬರೆಯುವಾಗ ‘ನೆಟ್‌ವರ್ಕ್ ಸರಿಯಿಲ್ಲ’ ಎಂದಷ್ಟೇ ಬರೆದರೆ ‘ಪರಿಶೀಲಿಸಲಾಗಿದೆ, ಸರಿಯಿದೆ’ ಎಂಬ ಉತ್ತರ ಬಂದು ದೂರು ಮುಚ್ಚಿಹೋಗುತ್ತದೆ. ಅಂಕಿ ಬರೆಯಿರಿ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್‌ಗೆ ಹೋಗಿ ‘ಫೋನಿನ ಬಗ್ಗೆ’ ಎಂಬಲ್ಲಿ ಸಿಮ್ ಸ್ಥಿತಿಯನ್ನು ನೋಡಿದರೆ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಕಾಣುತ್ತದೆ. ಅದು ಋಣ ಸಂಖ್ಯೆ. 4ಜಿಯಲ್ಲಿ ಮೈನಸ್ 85ರ ಸುತ್ತ ಇದ್ದರೆ ಒಳ್ಳೆಯದು, ಮೈನಸ್ 105 ಎಂದರೆ ದುರ್ಬಲ, ಮೈನಸ್ 115 ದಾಟಿತೆಂದರೆ ಕರೆ ನಿಲ್ಲುವುದೇ ಕಷ್ಟ. ಸಮೀಪದ ಟವರ್ ಎಲ್ಲಿದೆ ಎಂದು ತಿಳಿಯಲು ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಜಾಲತಾಣ ಇದೆ, ಅದನ್ನೂ ನೋಡಿ.

ಶಿರಹಟ್ಟಿ ಮಾಸ್ತರ್

ಹತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಅಂಗಡಿಯವರು ಹೇಳಿದಂತೆ ಮೂರು ಕಂಪನಿಗಳ ಸಿಮ್ ಇರುವ ಮೂವರು ಹುಡುಗರನ್ನು ಕರೆದುಕೊಂಡು ಊರಿನ ಹನ್ನೊಂದು ಜಾಗಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಅಳೆದೆವು. ನನ್ನ ಈಗಿನ ಕಂಪನಿ ಶಾಲೆಯ ಬಯಲಿನಲ್ಲಿ ಮೈನಸ್ 98, ನಮ್ಮ ಅಂಗಳದಲ್ಲಿ ಮೈನಸ್ 114, ಮನೆಯೊಳಗೆ ಏನೂ ಇಲ್ಲ. ಕೆಳಗೇರಿಯಲ್ಲಿ ನಾಲ್ಕು ಜಾಗಗಳ ಪೈಕಿ ಮೂರರಲ್ಲಿ ಏನೂ ಇಲ್ಲ. ಕಂಪನಿಯ ನಕ್ಷೆಯಲ್ಲಿ ಮಾತ್ರ ಇಡೀ ಊರಿನ ಮೇಲೆ ಬಣ್ಣ ಬಳಿದಿದೆ. ನಕ್ಷೆ ಹೊರಗಿನ ಬಯಲಿನ ಲೆಕ್ಕದ್ದಿರಬಹುದು. ಆದರೆ ಮನುಷ್ಯರು ಮಲಗುವುದು ಮನೆಯೊಳಗೆ, ರಾತ್ರಿ ಕಾಯಿಲೆ ಬೀಳುವುದೂ ಅಲ್ಲಿಯೇ. ನಕ್ಷೆಯ ಚಿತ್ರ, ನಮ್ಮ ಅಳತೆಯ ಪಟ್ಟಿ ಎರಡನ್ನೂ ಕೂಡಿಸಿ ದೂರು ಕೊಟ್ಟು ಡಾಕೆಟ್ ನಂಬರ್ ಪಡೆದಿದ್ದೇನೆ. ಎದುರಿನ ಟವರ್ ಯಾವ ನಿಧಿಯಿಂದ ನಿಂತದ್ದು ಎಂದು ಮಾಹಿತಿ ಹಕ್ಕಿನಡಿ ದೂರಸಂಪರ್ಕ ಇಲಾಖೆಗೆ ಅರ್ಜಿ ಹಾಕಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಂಡಿಸಲು ಪಂಚಾಯಿತಿ ಸದಸ್ಯರಿಬ್ಬರು ಒಪ್ಪಿದ್ದಾರೆ. ತಾಯಿಯ ಹಾಸಿಗೆಯ ಪಕ್ಕದ ಗೋಡೆಗೆ 112 ಎಂದು ದೊಡ್ಡದಾಗಿ ಬರೆದು ಅಂಟಿಸಿದ್ದೇನೆ.

ಒಂದೇ ಊರಿನ ಅಳತೆಗೆ ಬಲ ಸಾಲದು. ಮೂರು ಜಿಲ್ಲೆಗಳ ಓದುಗರು ತಮ್ಮ ಊರಿನಲ್ಲಿ ಇದೇ ರೀತಿ ಅಳೆದು, ಊರು, ಜಾಗ, ಹೊತ್ತು, ಕಂಪನಿ, ಮನೆಯ ಒಳಗೋ ಹೊರಗೋ ಎಂಬ ಐದು ವಿವರಗಳೊಡನೆ ಇಲ್ಲಿ ಬರೆದರೆ ಎಲ್ಲವನ್ನೂ ಒಂದೇ ಮನವಿಯಾಗಿ ನಾನು ಕೂಡಿಸುತ್ತೇನೆ.

ಕಲಘಟಗಿ ಕಾಯಕ ಬಂಧು

ನಮ್ಮ ಪಂಚಾಯಿತಿಯ ನಾಲ್ಕು ಹಳ್ಳಿಗಳಲ್ಲಿ ಬರುವ ಭಾನುವಾರ ಅಳೆಯುತ್ತೇವೆ. ಸಂಘದ ಆರು ಜನ ಬರುವುದಾಗಿ ಹೇಳಿದ್ದಾರೆ. ಕೆರೆಯ ಅಂಗಳ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಆರೋಗ್ಯ ಉಪಕೇಂದ್ರ ಈ ನಾಲ್ಕು ಜಾಗಗಳನ್ನು ಎಲ್ಲ ಊರುಗಳ ಪಟ್ಟಿಯಲ್ಲೂ ಸೇರಿಸಿದರೆ ಹೋಲಿಸಲು ಅನುಕೂಲ ಎಂದು ನನ್ನ ಸಲಹೆ. ಮಾಸ್ತರ್, ನಿಮ್ಮ ಊರಿನಲ್ಲಿ ಉಪಕೇಂದ್ರವನ್ನು ಅಳೆದಿದ್ದೀರಾ?

ಶಿರಹಟ್ಟಿ ಮಾಸ್ತರ್

ಅಳೆದಿಲ್ಲ. ನಾಳೆ ಬೆಳಿಗ್ಗೆ ಹೋಗಿ ಅಳೆದು ಬರೆಯುತ್ತೇನೆ.